ಛಾಯಾಚಿತ್ರವೂ ನಮ್ಮ ನೋಟವೂ

ಹುಣ್ಣಿಮೆಯ ಸಂಜೆ ತೆಂಗಿನ ಮರಗಳ ಹಿಂದಿನಿಂದ ಚಂದ್ರನು ಮೇಲೇಳುವಾಗ ಒಂದು ನಿಮಿಷವಾದರೂ ನಿಂತು ನೋಡದವರು ವಿರಳ. ಹಿತ್ತಾಳೆಯ ಹರಿವಾಣದಷ್ಟು ದೊಡ್ಡದಾಗಿ, ಕೆಂಬಣ್ಣದಿಂದ ಕೂಡಿ, ಊರಿನ ಅಂಚಿನಲ್ಲಿಯೇ ಇರುವಂತೆ ತೋರುವ ಆ ಬಿಂಬವನ್ನು ಚಿತ್ರದಲ್ಲಿ ಹಿಡಿದಿಡಬೇಕೆಂಬ ಆಸೆ ಸಹಜವಾದುದು. ಹಿಂದೆ ಕ್ಯಾಮರಾ ಉಳ್ಳವರು ಕೆಲವರೇ ಇದ್ದರು. ಈಗ ಜೇಬಿನಲ್ಲಿ ಮೊಬೈಲ್ ಫೋನು ಇರುವವರೆಲ್ಲರೂ ಛಾಯಾಗ್ರಾಹಕರೇ ಆಗಿದ್ದಾರೆ. ಚಿತ್ರವನ್ನು ತೆಗೆದು ನೋಡಿದರೆ ಹರಿವಾಣವೆಲ್ಲಿ? ಕರಿಯ ಆಕಾಶದಲ್ಲಿ ಸಾಸಿವೆಯ ಕಾಳಿನಷ್ಟು ಬಿಳಿಯ ಚುಕ್ಕೆಯೊಂದು ಇರುತ್ತದೆ. ಇದು ಯಂತ್ರದ ದೋಷವೆಂದು ತಿಳಿದು ಹೆಚ್ಚಿನ ಬೆಲೆಯ ಇನ್ನೊಂದು ಯಂತ್ರವನ್ನು ಕೊಳ್ಳುವವರೂ ಉಂಟು. ಆದರೆ ಯಂತ್ರವು ಇದ್ದುದನ್ನೇ ಹೇಳಿದೆ. ಚಂದ್ರಬಿಂಬವು ಆಕಾಶದಲ್ಲಿ ಆವರಿಸುವುದು ಸುಮಾರು ಅರ್ಧ ಡಿಗ್ರಿಯನ್ನು ಮಾತ್ರ. ದಿಗಂತದಲ್ಲಿದ್ದರೂ ಅಷ್ಟೇ, ನೆತ್ತಿಯ ಮೇಲಿದ್ದರೂ ಅಷ್ಟೇ. ತೋಳನ್ನು ನೀಡಿ ಕಿರುಬೆರಳೊಂದನ್ನು ಎತ್ತಿದರೆ ಆ ಹರಿವಾಣವು ಪೂರ್ತಿಯಾಗಿ ಮರೆಯಾಗುತ್ತದೆ. 50 ಮಿಲಿಮೀಟರಿನ ಮಸೂರವುಳ್ಳ ಸಾಮಾನ್ಯ ಕ್ಯಾಮರಾದೊಳಗೆ ಮೂಡುವ ಚಂದ್ರನ ಅಡ್ಡಳತೆ ಅರ್ಧ ಮಿಲಿಮೀಟರಿಗೂ ಕಡಿಮೆ. ಹಾಗಾದರೆ ಆ ಹಿರಿದಾದ ಚಂದ್ರನನ್ನು ಮಾಡಿದವರಾರು? ನಮ್ಮ ಮನಸ್ಸು.

ಒಳ್ಳೆಯ ಛಾಯಾಚಿತ್ರವೆಂದರೆ ಯಾವುದು ಎಂಬ ಪ್ರಶ್ನೆಗೆ ಕೈಪಿಡಿಗಳು ಹಲವು ಸೂತ್ರಗಳನ್ನು ಉತ್ತರವಾಗಿ ಕೊಡುತ್ತವೆ. ಚೌಕಟ್ಟನ್ನು ಅಡ್ಡಲಾಗಿಯೂ ಉದ್ದವಾಗಿಯೂ ಮೂರು ಮೂರು ಪಾಲು ಮಾಡಿ, ಆ ಗೆರೆಗಳು ಕೂಡುವಲ್ಲಿ ಮುಖ್ಯ ವಸ್ತುವನ್ನಿಡಬೇಕೆಂಬುದು ಅವುಗಳಲ್ಲಿ ಬಹು ಪ್ರಸಿದ್ಧವಾದುದು. ಮೂರರಲ್ಲೊಂದು ಎಂಬ ಈ ನಿಯಮಕ್ಕೆ ಹೆಸರಿಟ್ಟವನು ಇಂಗ್ಲೆಂಡಿನ ಜಾನ್ ಥಾಮಸ್ ಸ್ಮಿತ್; ಅವನು ಅದನ್ನು ಬರೆದದ್ದು 1797ರಲ್ಲಿ. ಛಾಯಾಗ್ರಹಣದ ಕಲೆಯನ್ನು ಲೋಕಕ್ಕೆ ಸಾರಿದ್ದು 1839ರಲ್ಲಿ. ಬಣ್ಣದ ಚಿತ್ರಗಾರರಿಗಾಗಿ ಹುಟ್ಟಿದ ಸಲಹೆಯೊಂದು ಹೀಗೆ ಛಾಯಾಗ್ರಾಹಕರ ಶಾಸನವಾಗಿ ಕುಳಿತಿದೆ. ಅದನ್ನು ಪಾಲಿಸಿಯೂ ಕೆಟ್ಟ ಚಿತ್ರಗಳು, ಮುರಿದೂ ಒಳ್ಳೆಯ ಚಿತ್ರಗಳು ಬೇಕಾದಷ್ಟಿವೆ. ಆದುದರಿಂದ ನಾವು ಸೂತ್ರಗಳ ಗೋಜಿಗೆ ಹೋಗದೆ, ಅದಕ್ಕಿಂತ ಹಿಂದಿನ ಪ್ರಶ್ನೆಯಿಂದ ಆರಂಭಿಸುವುದು ಲೇಸೆಂದು ಭಾವಿಸುತ್ತೇವೆ: ನಾವು ನೋಡುವುದೆಂದರೆ ಏನು? ಕಿವಿಗೆ ಮಾತ್ರ ತಲುಪುವ ಈ ಸಾಧನದಲ್ಲಿ ಕಣ್ಣಿನ ವಿಷಯವನ್ನು ಮಾತನಾಡುವುದು ವಿಚಿತ್ರವಾಗಿ ತೋರಬಹುದು. ಆದರೆ ಇದಕ್ಕೆ ಬೇಕಾದ ಪ್ರಯೋಗಸಾಮಗ್ರಿಯೆಲ್ಲವೂ ಕೇಳುಗರ ಬಳಿಯಲ್ಲಿಯೇ ಇದೆ.

ತೋಳನ್ನು ಪೂರ್ತಿಯಾಗಿ ಮುಂದಕ್ಕೆ ಚಾಚಿ, ಹೆಬ್ಬೆರಳನ್ನು ಎತ್ತಿ ಹಿಡಿದು, ಅದರ ಉಗುರಿನ ಮೇಲೆ ದೃಷ್ಟಿಯನ್ನು ನೆಡಿರಿ. ಎದುರಿನ ಮೇಜಿನ ಮೇಲೆ ವೃತ್ತಪತ್ರಿಕೆ ಇದ್ದರೆ, ದೃಷ್ಟಿಯನ್ನು ಉಗುರಿನಿಂದ ಕದಲಿಸದೆ, ಒಂದು ಗೇಣು ಪಕ್ಕಕ್ಕಿರುವ ಅಕ್ಷರಗಳನ್ನು ಓದಲು ಯತ್ನಿಸಿರಿ. ಓದಲಾಗದು. ಅಕ್ಷಿಪಟದ ನಡುವೆ ಸೂಕ್ಷ್ಮವಾಗಿ ಕಾಣಬಲ್ಲ ಒಂದು ಸಣ್ಣ ಗುಣಿಯಿದೆ. ಆ ಹೆಬ್ಬೆರಳಿನ ಉಗುರು ಮರೆಮಾಡುವಷ್ಟು, ಎಂದರೆ ಹೆಚ್ಚುಕಡಿಮೆ ಎರಡು ಡಿಗ್ರಿಯಷ್ಟು ಸ್ಥಳವನ್ನು ಮಾತ್ರ ಅದು ತೀಕ್ಷ್ಣವಾಗಿ ಗ್ರಹಿಸುತ್ತದೆ. ಉಳಿದುದೆಲ್ಲ ಮಸುಕು. ಆದರೂ ಇಡೀ ಕೋಣೆಯನ್ನು ಒಮ್ಮೆಗೇ ಸ್ಪಷ್ಟವಾಗಿ ಕಾಣುತ್ತಿರುವಂತೆ ನಮಗೆ ತೋರುತ್ತದಷ್ಟೆ. ಅದಕ್ಕೆ ಕಾರಣವೇನೆಂದರೆ, ಕಣ್ಣು ಒಂದು ಸೆಕೆಂಡಿನಲ್ಲಿ ಸುಮಾರು ಮೂರು ಬಾರಿ ಜಿಗಿಯುತ್ತದೆ. ಬೇಕಾದ ಕಡೆಗೆ ಹೋಗಿ, ಕ್ಷಣಕಾಲ ನಿಂತು, ಮತ್ತೊಂದು ಕಡೆಗೆ ಹಾರುತ್ತದೆ. ಹಾರುವಾಗಿನ ಕಲಸುಮೇಲೋಗರವನ್ನು ಮಿದುಳು ನಮಗೆ ತಿಳಿಯಗೊಡುವುದಿಲ್ಲ. ಹೀಗೆ ಆಯ್ದು ತಂದ ತುಣುಕುಗಳನ್ನು ಹೊಲಿದು, ಹಿಂದಿನ ಅನುಭವವನ್ನು ಬೆರಸಿ, ಮನಸ್ಸು ಒಂದು ನೋಟವನ್ನು ಕಟ್ಟುತ್ತದೆ. ಆಯ್ಕೆಯು ನೋಡಿದ ಮೇಲೆ ನಡೆಯುವ ಕೆಲಸವಲ್ಲ, ನೋಡುವಿಕೆಯ ಒಳಗಿನ ಕೆಲಸ. ಕ್ಯಾಮರಾಕ್ಕೆ ಈ ಚಪಲವಿಲ್ಲ. ಅಜ್ಜಿಯ ಮುಖವನ್ನೂ ಅವಳ ಹಿಂದೆ ಗೋಡೆಗೆ ನೇತುಹಾಕಿದ ಕ್ಯಾಲೆಂಡರನ್ನೂ ಅದು ಒಂದೇ ಶ್ರದ್ಧೆಯಿಂದ ಬರೆದುಕೊಳ್ಳುತ್ತದೆ. ಚಿತ್ರ ತೆಗೆಯುವಾಗ ಮೊಮ್ಮಗನು ಅಜ್ಜಿಯನ್ನು ಮಾತ್ರ ಕಂಡಿದ್ದನು. ಚಿತ್ರ ಬಂದಾಗ ಕ್ಯಾಲೆಂಡರೂ, ಅದರ ಕೆಂಪು ಅಂಕಿಗಳೂ, ಪಕ್ಕದ ವಿದ್ಯುತ್ತಿನ ತಂತಿಯೂ ಅವಳೊಡನೆ ಸಮಾನ ಪಂಕ್ತಿಯಲ್ಲಿ ಕುಳಿತಿರುತ್ತವೆ. ನಮ್ಮ ಅಭಿಪ್ರಾಯದಲ್ಲಿ ಒಳ್ಳೆಯ ಛಾಯಾಗ್ರಾಹಕನ ಕೆಲಸವೆಲ್ಲ ಇಲ್ಲಿಯೇ ಇದೆ. ಮನಸ್ಸು ತನಗರಿಯದೆ ಮಾಡುವ ಆಯ್ಕೆಯನ್ನು ಅವನು ಅರಿತು, ಚೌಕಟ್ಟಿನ ಒಳಗೆ ಮಾಡಿಡಬೇಕು.

ಈ ಆಯ್ಕೆಗೆ ನಿಯಮಗಳುಂಟೆ? ಉಂಟೆಂದು ತೋರಿಸಿದವರು ಜರ್ಮನಿಯ ಆಕೃತಿವಾದಿಗಳು. ಮ್ಯಾಕ್ಸ್ ವರ್ಟ್‌ಹೈಮರ್ ಎಂಬ ಮನಶ್ಶಾಸ್ತ್ರಜ್ಞನು ಫ್ರಾಂಕ್‌ಫರ್ಟಿನಲ್ಲಿ ನಡೆಸಿದ ಪ್ರಯೋಗಗಳನ್ನು 1912ರಲ್ಲಿ ಪ್ರಕಟಿಸಿದನು. ಕೋಲರ್ ಮತ್ತು ಕಾಫ್ಕಾ ಎಂಬ ಇಬ್ಬರು ಅವನಿಗೆ ಜೊತೆಯಾದರು. 1923ರಲ್ಲಿ ಅವನು ಬರೆದ ಇನ್ನೊಂದು ಲೇಖನದಲ್ಲಿ, ಬಿಡಿಬಿಡಿಯಾದ ಚುಕ್ಕೆಗಳನ್ನು ನಮ್ಮ ದೃಷ್ಟಿ ಹೇಗೆ ಗುಂಪುಗೂಡಿಸುತ್ತದೆಂಬ ವಿಚಾರವಿದೆ. ಆ ಲೇಖನವನ್ನು ಓದದೆಯೇ ಅದರ ಸಾರವನ್ನು ಬಲ್ಲವರು ನಮ್ಮ ನಾಡಿನ ಹೆಂಗಸರು. ಬೆಳಿಗ್ಗೆ ಬಾಗಿಲ ಮುಂದೆ ಸಾರಿಸಿ, ರಂಗೋಲಿಯ ಚುಕ್ಕೆಗಳನ್ನು ಸಮದೂರದಲ್ಲಿಟ್ಟಾಗ ಅವು ಎಲ್ಲ ದಿಕ್ಕಿಗೂ ಸಮನಾಗಿ ಕಾಣುತ್ತವೆ. ಒಂದು ಸಾಲಿನ ಚುಕ್ಕೆಗಳನ್ನು ತುಸು ಒತ್ತೊತ್ತಾಗಿ ಇಟ್ಟರೆ, ಗೆರೆ ಎಳೆಯುವುದಕ್ಕೆ ಮೊದಲೇ ಅಲ್ಲೊಂದು ಗೆರೆ ಕಂಡುಬಿಡುತ್ತದೆ. ಇದು ಸಾಮೀಪ್ಯ. ಕೆಲವು ಚುಕ್ಕೆಗಳಿಗೆ ಅರಿಸಿನವನ್ನೋ ಕುಂಕುಮವನ್ನೋ ಹಾಕಿದರೆ, ದೂರದೂರದಲ್ಲಿದ್ದರೂ ಅವು ಒಂದು ಕುಲವಾಗುತ್ತವೆ. ಇದು ಸಾದೃಶ್ಯ. ಎಳೆಯು ಒಂದರ ಮೇಲೊಂದು ಹಾದು ಹೋದಾಗ, ಬಳುಕಿ ಬಂದ ಎಳೆ ಅದೇ ಬಳುಕಿನಲ್ಲಿ ಮುಂದುವರಿಯುವುದೆಂದು ಕಣ್ಣು ನಂಬುತ್ತದೆ. ಸುತ್ತು ಎಲ್ಲಿಯಾದರೂ ಅಳಿಸಿಹೋಗಿದ್ದರೆ ತಾನೇ ಅದನ್ನು ಮುಚ್ಚಿಕೊಳ್ಳುತ್ತದೆ. ಆಕಾಶದಲ್ಲಿ ಒಂದಕ್ಕೊಂದು ಸಂಬಂಧವನ್ನು ಹೇಳದ ಏಳು ನಕ್ಷತ್ರಗಳು ಸಪ್ತರ್ಷಿಗಳಾಗಿರುವುದೂ ಈ ಬಗೆಯಿಂದಲೇ.

ಇದಕ್ಕಿಂತ ಮಿಗಿಲಾದ ನಿಯಮವೊಂದುಂಟು. ಡೆನ್ಮಾರ್ಕಿನ ಎಡ್ಗರ್ ರೂಬಿನ್ 1915ರಲ್ಲಿ ಅದನ್ನು ವಿಸ್ತಾರವಾಗಿ ಚರ್ಚಿಸಿದನು. ಒಂದು ಹೂದಾನಿಯಂತೆಯೂ, ಎದುರುಬದುರಾದ ಎರಡು ಮುಖಗಳಂತೆಯೂ ತೋರುವ ಅವನ ಚಿತ್ರವನ್ನು ಶ್ರೋತೃಗಳಲ್ಲಿ ಅನೇಕರು ನೋಡಿರಬೇಕು. ಹೂದಾನಿ ಕಂಡಾಗ ಮುಖಗಳಿಲ್ಲ. ಮುಖಗಳು ಕಂಡಾಗ ಹೂದಾನಿಯು ಬರಿಯ ಹಿನ್ನೆಲೆ. ಎರಡೂ ಏಕಕಾಲದಲ್ಲಿ ಆಕೃತಿಗಳಾಗಲಾರವು, ಏಕೆಂದರೆ ನಡುವಿನ ಅಂಚನ್ನು ಮನಸ್ಸು ಯಾವುದಾದರೂ ಒಂದಕ್ಕೇ ಕೊಡುತ್ತದೆ. ಅಂಚನ್ನು ಪಡೆದದ್ದು ಆಕೃತಿ. ಕಳೆದುಕೊಂಡದ್ದು ಅದರ ಬೆನ್ನ ಹಿಂದೆ ಹಬ್ಬಿರುವ ಹಿನ್ನೆಲೆ. ನಮ್ಮ ಪೂರ್ವಿಕರು ಚಿತ್ರಕಲೆಗೆ ಆರು ಅಂಗಗಳನ್ನು ಎಣಿಸಿದ್ದರು. ಕಾಮಸೂತ್ರದ ವ್ಯಾಖ್ಯಾನಕಾರನಾದ ಯಶೋಧರನು ಅವನ್ನು ಪಟ್ಟಿಮಾಡಿದ್ದಾನೆ. ಅವುಗಳಲ್ಲಿ ಮೊದಲನೆಯದೇ ರೂಪಭೇದ. ಒಂದು ರೂಪವನ್ನು ಇನ್ನೊಂದರಿಂದ ಬೇರ್ಪಡಿಸಿ ತೋರಿಸದಿದ್ದರೆ ಪ್ರಮಾಣ, ಭಾವ, ಲಾವಣ್ಯಗಳೆಂಬ ಮುಂದಿನ ಅಂಗಗಳಿಗೆ ನಿಲ್ಲಲು ನೆಲೆಯೇ ಇಲ್ಲ. ಛಾಯಾಚಿತ್ರಕ್ಕೂ ಇದೇ ಮೊದಲ ಪರೀಕ್ಷೆಯೆಂದು ನಾವು ತಿಳಿಯುತ್ತೇವೆ.

ನೈಯಾಯಿಕರು ಸಂಶಯಕ್ಕೆ ಕೊಡುವ ಉದಾಹರಣೆ ಸರ್ವವಿದಿತ. ಮುಸ್ಸಂಜೆಯಲ್ಲಿ ದೂರದಲ್ಲೇನೋ ನಿಂತಿದೆ. ಅದು ಮೋಟುಮರವೋ ಮನುಷ್ಯನೋ? ಹತ್ತಿರಕ್ಕೆ ಹೋದರೆ, ಅಥವಾ ಅದೇ ಅಲುಗಿದರೆ, ಸಂಶಯ ತೀರುತ್ತದೆ. ಈ ಅಲುಗುವಿಕೆಯ ವಿಷಯವನ್ನು ಬಂಡೀಪುರದ ಕಾಡಿಗೆ ಹೋದವರು ಚೆನ್ನಾಗಿ ಬಲ್ಲರು. ಬಿಸಿಲು ಚುಕ್ಕೆಚುಕ್ಕೆಯಾಗಿ ಬಿದ್ದ ಪೊದೆಯ ಕಡೆಗೆ ಎಷ್ಟು ದಿಟ್ಟಿಸಿದರೂ ಎಲೆಗಳಲ್ಲದೆ ಬೇರೇನೂ ಕಾಣದು. ಒಮ್ಮೆ ಕಿವಿಯೊಂದು ಆಡಿದರೆ ಸಾಕು, ಅಲ್ಲಿದ್ದ ನಾಲ್ಕಾರು ಚುಕ್ಕೆಜಿಂಕೆಗಳು ಒಡನೆಯೇ ಎದ್ದು ಬಂದಂತಾಗುತ್ತದೆ. ಒಟ್ಟಿಗೆ ಚಲಿಸುವ ಚುಕ್ಕೆಗಳೆಲ್ಲ ಒಂದೇ ದೇಹಕ್ಕೆ ಸೇರಿದವೆಂದು ಮನಸ್ಸು ತೀರ್ಮಾನಿಸುವುದೇ ಇದಕ್ಕೆ ಕಾರಣ. ವರ್ಟ್‌ಹೈಮರನ ನಿಯಮಗಳಲ್ಲಿ ಇದೂ ಒಂದು. ನೋಡಿದವನು ಸಂಭ್ರಮದಿಂದ ಚಿತ್ರ ತೆಗೆಯುತ್ತಾನೆ. ಚಿತ್ರದಲ್ಲಿ ಜಿಂಕೆಗಳಿಲ್ಲ! ಇವೆ, ಆದರೆ ಕಾಣವು. ಚಲನೆಯಿಂದ ದೊರೆತಿದ್ದ ರೂಪಭೇದವು ನಿಂತ ಚಿತ್ರದಲ್ಲಿ ಉಳಿಯಲಿಲ್ಲ. ಪ್ರಾಣಿಗಳ ಮರೆವೇಷವನ್ನು ಕುರಿತು 1940ರಲ್ಲಿ ದೊಡ್ಡ ಗ್ರಂಥವನ್ನು ಪ್ರಕಟಿಸಿದ ಇಂಗ್ಲೆಂಡಿನ ಹ್ಯೂ ಕಾಟ್ ಎಂಬ ಪ್ರಾಣಿಶಾಸ್ತ್ರಜ್ಞನು ಈ ವಿಷಯವನ್ನೇ ಬೇರೆ ಕಡೆಯಿಂದ ನೋಡಿದನು: ಮೈಯ ಅಂಚನ್ನು ಒಡೆಯುವ ಪಟ್ಟೆಯೂ ಚುಕ್ಕೆಯೂ ಪ್ರಾಣಿಯನ್ನು ಕಾಪಾಡುತ್ತವೆ. ಅವನು ಸ್ವತಃ ಛಾಯಾಗ್ರಾಹಕನೂ ಆಗಿದ್ದನು. ಕಾಡಿನ ಪ್ರಾಣಿಯು ಬದುಕುವುದಕ್ಕಾಗಿ ಯಾವುದನ್ನು ಮಾಡುವುದೋ, ಅದನ್ನೇ ಬಿಡಿಸುವುದು ಕಾಡಿನ ಛಾಯಾಗ್ರಾಹಕನ ಕಷ್ಟ. ಜಿಂಕೆಯು ಬಯಲಿಗೆ ಬರುವವರೆಗೆ, ಅಥವಾ ಹಿಂದಿನಿಂದ ಬಂದ ಬಿಸಿಲು ಅದರ ಬೆನ್ನಿನ ಅಂಚಿಗೆ ಬೆಳ್ಳಿಯ ಗೆರೆ ಎಳೆಯುವವರೆಗೆ ಅವನು ಕಾಯಬೇಕು.

ಮದುವೆಯ ಮನೆಯ ಚಿತ್ರಗಳಲ್ಲಿ ಮದುಮಗನ ತಲೆಯಿಂದ ಬಾಳೆಯ ಕಂಬವೊಂದು ಮೊಳೆತು ನಿಂತಿರುವುದನ್ನು ಯಾರು ನೋಡಿಲ್ಲ! ಛಾಯಾಗ್ರಾಹಕನಿಗೆ ಆ ಕಂಬ ಆಗಲೇ ಏಕೆ ಕಾಣಲಿಲ್ಲ? ಅವನಿಗೆ ಎರಡು ಕಣ್ಣುಗಳಿದ್ದವು. ಎರಡು ಕಣ್ಣುಗಳಿಗೆ ಬೀಳುವ ಬಿಂಬಗಳು ತುಸು ಬೇರೆಬೇರೆಯಾಗಿರುವುದರಿಂದ, ಮದುಮಗನು ಹತ್ತಿರ, ಕಂಬ ದೂರ ಎಂಬ ತಿಳಿವಳಿಕೆ ತಾನಾಗಿಯೇ ಬರುತ್ತದೆ. ಅವನ ತಲೆ ಒಂದಿಷ್ಟು ಅಲುಗಿದರೂ ಅವೆರಡೂ ಬೇರೆಯಾಗುತ್ತವೆ. ಕ್ಯಾಮರಾ ಒಕ್ಕಣ್ಣಿನದು, ಅಲುಗುವುದೂ ಇಲ್ಲ. ಹತ್ತು ಅಡಿ ಹಿಂದಿದ್ದ ಕಂಬವು ತಲೆಯ ಮೇಲ್ಗೆರೆಗೆ ತಾಗಿದೊಡನೆ, ಗೆರೆ ಮುಂದುವರಿಯುವುದೆಂಬ ನಿಯಮದಂತೆ ಎರಡೂ ಕೂಡಿಕೊಂಡುಬಿಡುತ್ತವೆ. ಇದಕ್ಕೆ ಪರಿಹಾರ ಅತಿ ಸುಲಭ, ಖರ್ಚೂ ಇಲ್ಲ: ಗುಂಡಿಯನ್ನು ಒತ್ತುವ ಮುನ್ನ ಒಂದು ಕಣ್ಣನ್ನು ಮುಚ್ಚಿ ನೋಡಬೇಕು. ಲೋಕವೆಲ್ಲ ಚಪ್ಪಟೆಯಾಗಿ, ಯಾವುದು ಯಾವುದಕ್ಕೆ ತಾಗುತ್ತಿದೆಯೆಂಬುದು ಕೂಡಲೇ ಗೊತ್ತಾಗುತ್ತದೆ. ಆಮೇಲೆ ಒಂದು ಹೆಜ್ಜೆ ಎಡಕ್ಕೋ ಬಲಕ್ಕೋ ಸರಿದರೆ ಕಂಬವೂ ಸರಿಯುತ್ತದೆ.

ಬೆಳಕಿನ ವಿಷಯದಲ್ಲಿಯೂ ಮನಸ್ಸು ನಮಗೆ ಪೂರ್ತಿ ಲೆಕ್ಕವನ್ನು ಒಪ್ಪಿಸುವುದಿಲ್ಲ. ಬಿಸಿಲಿನಲ್ಲಿಟ್ಟ ಇದ್ದಿಲು ನೆರಳಿನಲ್ಲಿಟ್ಟ ಬಿಳಿಯ ಕಾಗದಕ್ಕಿಂತ ಹೆಚ್ಚು ಬೆಳಕನ್ನು ಕಣ್ಣಿಗೆ ಕಳುಹಿಸಬಲ್ಲುದು. ಆದರೂ ಇದ್ದಿಲು ಕಪ್ಪಾಗಿಯೇ, ಕಾಗದವು ಬಿಳಿಯಾಗಿಯೇ ತೋರುತ್ತದೆ. ಕಣ್ಣು ಅಳೆಯುವುದು ಬೆಳಕನ್ನಲ್ಲ, ನೆರೆಹೊರೆಯ ಹೋಲಿಕೆಯನ್ನು. ಪ್ಯಾರಿಸಿನ ಗೊಬೆಲಿನ್ ನೆಯ್ಗೆಯ ಕಾರ್ಖಾನೆಯಲ್ಲಿ ಬಣ್ಣದ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ರಸಾಯನಶಾಸ್ತ್ರಜ್ಞ ಶೆವ್ರಲ್ ಎಂಬಾತನಿಗೆ, ಕಪ್ಪು ನೂಲು ಸರಿಯಾಗಿ ಕಪ್ಪಾಗಿಲ್ಲವೆಂಬ ದೂರು ಬರುತ್ತಿತ್ತಂತೆ. ಪರೀಕ್ಷಿಸಿದಾಗ ಬಣ್ಣದಲ್ಲಿ ಕುಂದಿರಲಿಲ್ಲ. ಪಕ್ಕದಲ್ಲಿ ನೆಯ್ದ ನೀಲಿ ಮತ್ತು ನೇರಿಳೆಯ ಎಳೆಗಳೇ ಕಪ್ಪನ್ನು ಮಂಕಾಗಿಸುತ್ತಿದ್ದವು. 1839ರಲ್ಲಿ, ಛಾಯಾಗ್ರಹಣವು ಲೋಕಕ್ಕೆ ಪ್ರಕಟವಾದ ವರ್ಷದಲ್ಲಿಯೇ, ಅವನ ಗ್ರಂಥವೂ ಹೊರಬಂದಿತು. ಜಗುಲಿಯ ನೆರಳಿನಲ್ಲಿ ಕುಳಿತವರನ್ನು ಅಂಗಳದ ಬಿಸಿಲಿನೊಡನೆ ಸೇರಿಸಿ ತೆಗೆದ ಚಿತ್ರದಲ್ಲಿ ಮುಖಗಳೇಕೆ ಮಸಿಯಾಗುತ್ತವೆಂಬುದಕ್ಕೆ ಬೇರೆ ವಿವರಣೆ ಬೇಡ. ಆ ನೆರಳಿಗೂ ಬಿಸಿಲಿಗೂ ಇರುವ ಅಂತರವನ್ನು ಕಣ್ಣು ಹೊಂದಿಸಿಕೊಂಡಿತ್ತು, ಕಾಗದವು ಹೊಂದಿಸಿಕೊಳ್ಳಲಿಲ್ಲ. ಹಾಗೆಯೇ, ಬೆಳಕು ಮೇಲಿನಿಂದ ಬರುವುದೆಂದು ಮನಸ್ಸು ಸದಾ ನಂಬಿರುತ್ತದೆ. ಸೂರ್ಯನ ಕೆಳಗೆ ಬಾಳುವ ಪ್ರಾಣಿಗೆ ಅದು ಸಹಜವೇ. ಅದರ ಫಲವನ್ನು ಶಾಸನಗಳ ಚಿತ್ರ ತೆಗೆಯುವವರು ಅನುಭವಿಸುತ್ತಾರೆ. ಕಲ್ಲಿನಲ್ಲಿ ಕೊರೆದ ಅಕ್ಷರಕ್ಕೆ ಕೆಳಗಿನಿಂದ ದೀಪವನ್ನಿಟ್ಟು ಚಿತ್ರ ತೆಗೆದರೆ, ಅಕ್ಷರವು ಉಬ್ಬಿನಿಂತಂತೆ ತೋರುತ್ತದೆ. ಅದೇ ಚಿತ್ರವನ್ನು ತಲೆಕೆಳಗು ಮಾಡಿದರೆ ಮತ್ತೆ ತಗ್ಗುತ್ತದೆ. ನಡುಹಗಲಿನಲ್ಲಿ ನೇರವಾಗಿ ಮೇಲೆ ಬಿದ್ದ ಬಿಸಿಲಿನಲ್ಲಿ ಸವೆದ ವೀರಗಲ್ಲೊಂದು ಬರಿಯ ಚಪ್ಪಡಿಯಾಗಿ ಕಾಣುತ್ತದೆ. ಬೆಳಗಿನ ಅಥವಾ ಸಂಜೆಯ ಓರೆಬಿಸಿಲು ಅದರ ಮೈ ಸವರಿದಾಗ ವೀರನೂ ಅವನ ಕತ್ತಿಯೂ ಕುದುರೆಯೂ ಹೊರಬರುತ್ತವೆ.

ಇನ್ನು ಈ ನಿಯಮಗಳು ಒಂದು ಪ್ರಸಿದ್ಧ ಚಿತ್ರದಲ್ಲಿ ಹೇಗೆ ಕೆಲಸ ಮಾಡಿವೆಯೆಂದು ನೋಡೋಣ. ಫ್ರಾನ್ಸಿನ ಆನ್ರಿ ಕಾರ್ಟಿಯೆ-ಬ್ರೆಸೋ 1932ರಲ್ಲಿ ಪ್ಯಾರಿಸಿನ ಸೇಂಟ್ ಲಜಾರ್ ರೈಲು ನಿಲ್ದಾಣದ ಹಿಂಭಾಗದಲ್ಲಿ, ಬೇಲಿಯ ಸಂದಿನಿಂದ ತೆಗೆದ ಚಿತ್ರವದು. ನೀರು ನಿಂತ ಅಂಗಳದಲ್ಲಿ ಒಬ್ಬನು ಜಿಗಿದಿದ್ದಾನೆ. ಕೆಳಗೆ ನಿಶ್ಚಲವಾದ ನೀರಿನಲ್ಲಿ ಅವನ ಪ್ರತಿಬಿಂಬ. ಹಿಂದಿನ ಗೋಡೆಗೆ ಅಂಟಿಸಿದ ಭಿತ್ತಿಪತ್ರದಲ್ಲಿ ನರ್ತಕಿಯೊಬ್ಬಳು ಇನ್ನೊಂದು ದಿಕ್ಕಿಗೆ ಹಾಗೆಯೇ ಹಾರುತ್ತಿದ್ದಾಳೆ. ದೊಡ್ಡ ಕರಿಯ ಆಕೃತಿಯೂ ದೂರದ ಸಣ್ಣ ಆಕೃತಿಯೂ ಸಾದೃಶ್ಯದಿಂದ ಒಂದನ್ನೊಂದು ಕರೆಯುತ್ತವೆ. ಆದರೆ ಈ ಚಿತ್ರದ ಜೀವವಿರುವುದು ಜಿಗಿದವನ ಹಿಮ್ಮಡಿಗೂ ನೀರಿನೊಳಗಣ ಹಿಮ್ಮಡಿಗೂ ನಡುವೆ ಉಳಿದಿರುವ ಕಿರಿದಾದ ಬಿಳಿಯ ತೆರಪಿನಲ್ಲಿ. ಅದು ಮುಚ್ಚಿದ್ದರೆ ಮನುಷ್ಯನೂ ನೆರಳೂ ಕೂಡಿ ಒಂದು ಕರಿಯ ಮುದ್ದೆಯಾಗುತ್ತಿದ್ದುವು. ನೀರು ಕಲಕಿ ಪ್ರತಿಬಿಂಬವೂ ಒಡೆಯುತ್ತಿತ್ತು. ತೆರಪು ಇರುವುದರಿಂದ ನಮ್ಮ ಕಣ್ಣು ಅದನ್ನು ಮುಚ್ಚಲು ತವಕಿಸುತ್ತದೆ, ಮುಚ್ಚಲಾರದೆ ಅಲ್ಲಿಯೇ ನಿಲ್ಲುತ್ತದೆ. 1952ರಲ್ಲಿ ಅವನ ಚಿತ್ರಸಂಪುಟದ ಇಂಗ್ಲಿಷ್ ಆವೃತ್ತಿಗೆ ನಿರ್ಣಾಯಕ ಕ್ಷಣವೆಂಬ ಅರ್ಥದ ಹೆಸರನ್ನು ಕೊಟ್ಟರು. ಆ ಮಾತು ಈಗ ಸವೆದ ನಾಣ್ಯವಾಗಿದೆ. ಕ್ಷಣವು ನಿರ್ಣಾಯಕವಾಗುವುದು ಘಟನೆಯ ಮಹತ್ತ್ವದಿಂದಲ್ಲವೆಂಬುದನ್ನು ಅದನ್ನು ಬಳಸುವವರು ಮರೆಯುತ್ತಾರೆ. ಯಾವನೋ ಒಬ್ಬನು ಕೊಚ್ಚೆಯನ್ನು ದಾಟಿದ್ದರಲ್ಲಿ ಮಹತ್ತ್ವವೇನು? ಆಕೃತಿಗಳು ಬೇರ್ಪಟ್ಟು ನಿಂತ ಕ್ಷಣವದು.

ಚಿತ್ರವು ಸಿದ್ಧವಾದ ಮೇಲೆ ನೋಡುವವನ ಕಣ್ಣು ಅದರಲ್ಲಿ ಹೇಗೆ ಸಂಚರಿಸುತ್ತದೆ? ಅಮೆರಿಕದ ಶಿಕಾಗೋದಲ್ಲಿ ಗಾಯ್ ಬಸ್ವೆಲ್ ಎಂಬ ವಿದ್ವಾಂಸನು, ಕಣ್ಣಿನ ಪಾರದರ್ಶಕ ಪೊರೆಯಿಂದ ಪ್ರತಿಫಲಿಸಿದ ಬೆಳಕನ್ನು ಫಿಲ್ಮಿನ ಮೇಲೆ ಹಿಡಿದು, ಜನರು ಚಿತ್ರಗಳನ್ನು ನೋಡುವ ಬಗೆಯನ್ನು ದಾಖಲಿಸಿ, 1935ರಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದನು. ಅದೇ ವರ್ಷ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ರೇಡಿಯೋ ನಿಲಯವನ್ನು ಸ್ಥಾಪಿಸಿದರೆಂಬುದೂ, ಅವರು ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರೆಂಬುದೂ ಈ ಸಂದರ್ಭದಲ್ಲಿ ನೆನಪಿಗೆ ಬರುತ್ತದೆ. ಮೂರು ದಶಕಗಳ ತರುವಾಯ ಸೋವಿಯತ್ ರಷ್ಯದ ಆಲ್ಫ್ರೆಡ್ ಯಾರ್ಬಸ್ ಈ ಕೆಲಸವನ್ನು ಇನ್ನೂ ಸೂಕ್ಷ್ಮವಾಗಿ ಮಾಡಿದನು. ದೇಶಭ್ರಷ್ಟನಾಗಿದ್ದವನೊಬ್ಬನು ಅನಿರೀಕ್ಷಿತವಾಗಿ ಮನೆಗೆ ಮರಳಿದ ದೃಶ್ಯವನ್ನು ಚಿತ್ರಗಾರ ರೇಪಿನ್ ಬರೆದಿದ್ದನು. ಅದನ್ನು ನೋಡುವವರ ಕಣ್ಣು ಮುಖದಿಂದ ಮುಖಕ್ಕೆ ಹಾರುತ್ತಿತ್ತು. ಬರಿಯ ಗೋಡೆಗೆ ಅಪರೂಪವಾಗಿ ಮಾತ್ರ ಹೋಗುತ್ತಿತ್ತು. ಆದರೆ ಈ ಮನೆಯವರ ಆಸ್ತಿಪಾಸ್ತಿ ಹೇಗಿದ್ದೀತೆಂದು ಕೇಳಿದರೆ ಅದೇ ಕಣ್ಣು ಬಟ್ಟೆಬರೆ, ಪೀಠೋಪಕರಣಗಳನ್ನು ತಡಕುತ್ತಿತ್ತು. ವಯಸ್ಸೆಷ್ಟೆಂದು ಕೇಳಿದರೆ ಮತ್ತೆ ಮುಖಗಳಿಗೆ ಅಂಟಿಕೊಳ್ಳುತ್ತಿತ್ತು. ಮುಖವು ನಮ್ಮನ್ನು ಎಳೆಯುವುದು ನಿಜ, ಆದರೆ ನಮ್ಮ ಪ್ರಶ್ನೆಯೂ ನಮ್ಮನ್ನು ಎಳೆಯುತ್ತದೆ. ಗುಂಪಿನ ಚಿತ್ರ ಕೈಗೆ ಬಂದಾಗ ಪ್ರತಿಯೊಬ್ಬನೂ ಮೊದಲು ಹುಡುಕುವುದು ತನ್ನ ಮುಖವನ್ನೇ. ಅದು ಚೆನ್ನಾಗಿ ಬಂದಿದ್ದರೆ ಇಡೀ ಚಿತ್ರ ಚೆನ್ನಾಗಿದೆಯೆನ್ನುತ್ತಾನೆ.

ಹೀಗೆ ಆಕೃತಿಯನ್ನು ಬೇರ್ಪಡಿಸುವುದರಲ್ಲಿ ಛಾಯಾಗ್ರಾಹಕನಿಗಿರುವ ಅಧಿಕಾರ ಸಣ್ಣದಲ್ಲ, ಅದರ ಹೊಣೆಯೂ ಸಣ್ಣದಲ್ಲ. ಡೊರೊಥಿಯಾ ಲ್ಯಾಂಗ್ ಎಂಬಾಕೆ 1936ರ ಮಾರ್ಚಿಯಲ್ಲಿ ಕ್ಯಾಲಿಫೋರ್ನಿಯದ ನಿಪೋಮೊ ಎಂಬಲ್ಲಿ ತೆಗೆದ ಚಿತ್ರದಿಂದ ಇದು ಚೆನ್ನಾಗಿ ವ್ಯಕ್ತಪಡುತ್ತದೆ. ಅದು ಆರ್ಥಿಕ ಮುಗ್ಗಟ್ಟಿನ ಕಾಲ. ಬಟಾಣಿಯ ಬೆಳೆ ಚಳಿಗೆ ಸಿಕ್ಕಿ ಹಾಳಾಗಿ, ಕೀಳಲು ಬಂದ ಕೂಲಿಗಳು ಹಸಿದು ಬೀಡುಬಿಟ್ಟಿದ್ದರು. ಸರ್ಕಾರದ ಪರವಾಗಿ ಚಿತ್ರ ತೆಗೆಯುತ್ತಿದ್ದ ಲ್ಯಾಂಗ್ ಕೆಲಸ ಮುಗಿಸಿ ಕಾರಿನಲ್ಲಿ ಮನೆಗೆ ಹೋಗುತ್ತ, ಬೀಡಿನ ಫಲಕವನ್ನು ಕಂಡೂ ಮುಂದೆ ಹೋಗಿ, ಇಪ್ಪತ್ತು ಮೈಲಿಯ ಮೇಲೆ ಮನಸ್ಸು ತಡೆಯದೆ ಹಿಂದಿರುಗಿದಳು. ಡೇರೆಯಲ್ಲಿ ಮಕ್ಕಳೊಡನೆ ಕುಳಿತಿದ್ದ ಒಬ್ಬ ತಾಯಿಯನ್ನು ಕಂಡು, ಒಂದೊಂದು ಚಿತ್ರಕ್ಕೂ ಹತ್ತಿರ ಹತ್ತಿರ ಸರಿಯುತ್ತ ಹೋದಳು. ಮೊದಲಿನ ಚಿತ್ರಗಳಲ್ಲಿ ಇಡೀ ಡೇರೆಯಿದೆ, ಸಾಮಾನುಗಳಿವೆ, ಕುರ್ಚಿಯಲ್ಲಿ ಕುಳಿತ ಹಿರಿಯ ಮಗಳೂ ಇದ್ದಾಳೆ. ಅವು ಸಾಕ್ಷ್ಯವೇ ಸರಿ, ಆದರೆ ಕಣ್ಣು ಅವುಗಳಲ್ಲಿ ಅಲೆಯುತ್ತದೆ. ಕೊನೆಯ ಚಿತ್ರದಲ್ಲಿ ಹಿಂದೆ ಡೇರೆಯ ಬಟ್ಟೆಯ ಮಬ್ಬಲ್ಲದೆ ಬೇರೇನೂ ಇಲ್ಲ. ತಾಯಿಯ ಎರಡು ಭುಜಗಳಿಗೆ ಇಬ್ಬರು ಮಕ್ಕಳು ಒರಗಿದ್ದಾರೆ. ಅವರ ಮುಖಗಳು ಆಚೆಗೆ ತಿರುಗಿವೆ. ಮಡಿಲಲ್ಲಿ ಕೂಸು ಮಲಗಿದೆ. ಹೀಗೆ ಮೂವರು ಮಕ್ಕಳಿದ್ದರೂ ನಮ್ಮ ಕಣ್ಣನ್ನು ಎಳೆಯಲು ಉಳಿದಿರುವುದು ಒಂದೇ ಮುಖ. ಮೇಲಕ್ಕೆದ್ದ ಅವಳ ಬಲತೋಳು ದೃಷ್ಟಿಯನ್ನು ಆ ಮುಖಕ್ಕೆ ಕೊಂಡೊಯ್ಯುತ್ತದೆ. ಅವಳ ನೋಟವು ನಮ್ಮ ಕಡೆಗಿಲ್ಲ. ಮಕ್ಕಳ ಮುಖಗಳು ಈಚೆಗೆ ತಿರುಗಿದ್ದರೆ ನಮ್ಮ ಗಮನವು ನಾಲ್ಕು ಪಾಲಾಗುತ್ತಿತ್ತು.

ಅಲ್ಲಿ ತೆಗೆದ ಚಿತ್ರಗಳು ಪತ್ರಿಕೆಗೆ ತಲುಪಿದ ಮೇಲೆ ಸರ್ಕಾರವು ಆ ಬೀಡಿಗೆ 20,000 ಪೌಂಡು ಆಹಾರವನ್ನು ಕಳುಹಿಸಿತು. ಆದರೆ ಆ ವೇಳೆಗೆ ಆ ತಾಯಿಯ ಸಂಸಾರ ಅಲ್ಲಿಂದ ಹೊರಟುಹೋಗಿತ್ತು. ಲ್ಯಾಂಗ್ ಅವಳ ಹೆಸರನ್ನು ಕೇಳಿರಲಿಲ್ಲ. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬ ಆ ಹೆಸರು ಲೋಕಕ್ಕೆ ತಿಳಿದದ್ದು 1978ರಲ್ಲಿ; ಜಗತ್ಪ್ರಸಿದ್ಧವಾದ ಆ ಚಿತ್ರದಿಂದ ತನಗೆ ಯಾವ ಪ್ರಯೋಜನವೂ ಆಗಲಿಲ್ಲವೆಂದು ಆಕೆ ಆಗ ಹೇಳಿಕೊಂಡಳು. ಡೇರೆ, ಮಗಳು, ಹೆಸರು ಎಲ್ಲವೂ ಕಳಚಿಕೊಂಡು, ತಾಯಿ ಎಂಬ ಆಕೃತಿಯೊಂದೇ ಉಳಿದುದರಿಂದ ಚಿತ್ರವು ದೊಡ್ಡದಾಯಿತು. ಬಿಡುವುದರ ಬೆಲೆಯನ್ನು ತೆತ್ತವಳು ಬೇರೊಬ್ಬಳು. ಇದನ್ನು ಲ್ಯಾಂಗಳ ಅಪರಾಧವೆಂದು ನಾವು ಎಣಿಸುವುದಿಲ್ಲ. ಬಿಡದೆ ಚಿತ್ರವೇ ಇಲ್ಲ. ಆದರೆ ಬಿಡುವುದರಲ್ಲಿಯೂ ಎರಡು ಬಗೆಯುಂಟು. ಆ ಚಿತ್ರದ ಕೆಳಮೂಲೆಯಲ್ಲಿ, ಡೇರೆಯ ಕೋಲನ್ನು ಹಿಡಿದ ಹೆಬ್ಬೆರಳೊಂದು ಬಂದಿತ್ತು. ಅದು ಕಣ್ಣನ್ನು ಮುಖದಿಂದ ಎಳೆಯುವುದೆಂದು ಲ್ಯಾಂಗ್ ಕೆಲವು ವರ್ಷಗಳ ಮೇಲೆ ನೆಗಟಿವಿನಲ್ಲಿ ಅದನ್ನು ಅಳಿಸಿದಳು. ಛಾಯಾಚಿತ್ರ ವಿಭಾಗದ ಮುಖ್ಯಸ್ಥನಾದ ರಾಯ್ ಸ್ಟ್ರೈಕರನಿಗೆ ಇದು ಒಪ್ಪಿಗೆಯಾಗಲಿಲ್ಲ. ನೋಟದ ನಿಯಮದಂತೆ ಲ್ಯಾಂಗಳದೇ ಸರಿ. ಮುನ್ನೆಲೆಯ ಆ ಬೆರಳು ನಿಜವಾಗಿಯೂ ತೊಡಕು. ಹಿರಿಯ ಮಗಳನ್ನೇ ಹೊರಗಿಟ್ಟ ಮೇಲೆ ಒಂದು ಬೆರಳಿನದೇನೆಂದು ಕೇಳಬಹುದು. ಆದರೂ ನಾವು ಸ್ಟ್ರೈಕರನ ಪಕ್ಷ. ಚೌಕಟ್ಟಿನ ಹೊರಗೆ ಲೋಕವಿದೆಯೆಂಬುದನ್ನು ಪ್ರತಿಯೊಂದು ಚಿತ್ರವೂ ತನ್ನ ನಾಲ್ಕು ಅಂಚುಗಳಿಂದಲೇ ಒಪ್ಪಿಕೊಳ್ಳುತ್ತದೆ; ನೋಡುವವನಿಗೂ ಅದು ಗೊತ್ತು. ಅಂಚಿನ ಒಳಗಿರುವುದು ಇದ್ದಂತೆಯೇ ಇದೆಯೆಂದು ಅವನು ನಂಬುತ್ತಾನೆ. ಹೆಜ್ಜೆ ಸರಿಸಿಯೂ ಕಾದೂ ಮಾಡಬೇಕಾದ ಕೆಲಸವನ್ನು ಈಗಿನ ಫೋನುಗಳು ಬೆರಳಿನ ಒಂದು ಸ್ಪರ್ಶದಿಂದ ಮಾಡಿಕೊಡುತ್ತವೆ. ಹಿಂದೆ ನಿಂತ ಅಪರಿಚಿತನನ್ನು ಅಳಿಸುತ್ತವೆ, ಕೆಲವು ಫೋನುಗಳು ಚಂದ್ರನ ಕಲೆಗಳನ್ನು ತಾವೇ ತುಂಬಿಯೂ ಕೊಡುತ್ತವೆ.

ಲ್ಯಾಂಗಳ ನೆಗಟಿವು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿದೆ. ಅದರ ಪ್ರತಿಯನ್ನು ಈಗ ಯಾರು ಬೇಕಾದರೂ ಮನೆಯಲ್ಲಿಯೇ ನೋಡಬಹುದು. ನೋಡಿದವರಲ್ಲಿ ಬಹುಮಂದಿ ಮುಖವನ್ನು ಕಂಡು ಅಲ್ಲಿಯೇ ನಿಲ್ಲುತ್ತಾರೆ. ಆದರೆ ಅಳಿಸಿದ್ದು ಪೂರ್ತಿಯಾಗಿ ಅಳಿಸಿಲ್ಲ. ಕೆಳಗೆ ಬಲಮೂಲೆಯಲ್ಲಿ, ಕೋಲಿನ ಮೇಲೆ, ಹೆಬ್ಬೆರಳಿನ ಮಬ್ಬಾದ ಗುರುತು ಇನ್ನೂ ಇದೆ. ಅದನ್ನು ಹುಡುಕಬೇಕೆಂದು ಒಮ್ಮೆ ಕೇಳಿದವರ ಕಣ್ಣು ಮುಂದೆ ಆ ಚಿತ್ರವನ್ನು ನೋಡುವಾಗಲೆಲ್ಲ ಒಂದು ಸಲವಾದರೂ ಆ ಮೂಲೆಗೆ ಹೋಗಿ ಬರುತ್ತದೆ.